ಹಿತ್ತಿಲಿನ ಅಂಜೂರ ಯಾವ ತಳಿ? ಗುರುತು ಹಿಡಿಯುವವರಿಗೆ ಹೋಲಿಕೆಯ ಮಾರ್ಗದರ್ಶಿ

ಹಳೆಯ ಮನೆಯನ್ನು ಕೊಂಡವರಿಗೆ ಹಿತ್ತಿಲಿನಲ್ಲಿ ಒಂದು ಅಂಜೂರದ ಗಿಡವೂ ಜೊತೆಗೆ ಸಿಗುವುದುಂಟು. ನೆಂಟರ ಮನೆಯಿಂದ ತಂದು ಊರಿದ ಕಡ್ಡಿ ಆಳೆತ್ತರ ಮೀರಿ ಬೆಳೆದು ನಿಂತಿರುವುದುಂಟು. ಕೃಷಿ ಮೇಳದಲ್ಲಿ ಕೊಂಡ ಸಸಿಗೆ ಕಟ್ಟಿದ್ದ ಚೀಟಿ ಮೊದಲ ಮಳೆಗೇ ಕಳೆದುಹೋಗಿರುವುದುಂಟು. ಗಿಡ ಕಾಯಿ ಹಿಡಿಯತೊಡಗಿದ ಮೇಲೆ ಇದು ಯಾವ ತಳಿ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕೆಲವು ತಳಿಗಳ ಹಣ್ಣು ಮಾಗಿದಾಗ ನೇರಳೆ ಬಣ್ಣಕ್ಕೆ ತಿರುಗಿದರೆ, ಇನ್ನು ಕೆಲವು ಮಾಗಿದ ಮೇಲೂ ಹಸಿರು ಮಿಶ್ರಿತ ಹಳದಿಯಾಗಿಯೇ ಉಳಿಯುತ್ತವೆ. ಎರಡನೆಯ ಬಗೆಯ ಗಿಡವನ್ನು ಇಟ್ಟುಕೊಂಡು ಬಣ್ಣ ಬರಲೆಂದು ಕಾಯುವವರು ಹಣ್ಣನ್ನೆಲ್ಲ ಹಕ್ಕಿಗಳಿಗೂ ಇರುವೆಗಳಿಗೂ ಒಪ್ಪಿಸಬೇಕಾಗುತ್ತದೆ. ಒಣಗಿಸಲು ಒಗ್ಗುವ ಹಣ್ಣು ಯಾವುದು, ತಾಜಾ ತಿನ್ನುವುದಕ್ಕಷ್ಟೇ ಸರಿಯಾದುದು ಯಾವುದು, ಗಿಡವನ್ನು ಉಳಿಸಿಕೊಳ್ಳಬೇಕೇ ಅಥವಾ ಬದಲಿಸಬೇಕೇ ಎಂಬ ನಿರ್ಧಾರಗಳೆಲ್ಲ ತಳಿಯ ಮೇಲೆ ನಿಲ್ಲುತ್ತವೆ.

ಜಗತ್ತಿನಲ್ಲಿ ಅಂಜೂರದ ತಳಿಗಳು ನೂರಾರು. ಕ್ಯಾಲಿಫೋರ್ನಿಯಾದ ವಿಜ್ಞಾನಿ ಐರಾ ಕಾಂಡಿಟ್ 1955ರಲ್ಲಿ ಪ್ರಕಟಿಸಿದ ವರ್ಣನೆಯಲ್ಲೇ 600ಕ್ಕೂ ಹೆಚ್ಚು ತಳಿಗಳಿವೆ. ಈ ಸಂಖ್ಯೆಯನ್ನು ಕೇಳಿ ಕೈಚೆಲ್ಲಬೇಕಾಗಿಲ್ಲ. ಕರ್ನಾಟಕದ ಹಿತ್ತಿಲಿಗೆ ಬಂದು ಸೇರುವ ತಳಿಗಳು ಕೆಲವೇ: ಪೂನಾ, ಬಳ್ಳಾರಿ, ದಿನಕರ್, ಡಯಾನಾ, ಅಪರೂಪಕ್ಕೆ ಕೊನಾಡ್ರಿಯಾ, ಎಕ್ಸೆಲ್ ಅಥವಾ ಬ್ರೌನ್ ಟರ್ಕಿ, ಇಲ್ಲವೇ ಬೀಜದಿಂದ ಹುಟ್ಟಿದ ಹೆಸರಿಲ್ಲದ ಗಿಡ. ಆದುದರಿಂದ ಇಲ್ಲಿ ಮಾಡಬೇಕಾದ ಕೆಲಸ ಹೆಸರನ್ನು ಊಹಿಸುವುದಲ್ಲ, ಸಾಧ್ಯವಿಲ್ಲದ ಹೆಸರುಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗುವುದು. ಹೆಚ್ಚಿನವರು ಎಲೆಯಿಂದ ಆರಂಭಿಸುತ್ತಾರೆ. ನನ್ನ ದೃಢವಾದ ಅಭಿಪ್ರಾಯವೆಂದರೆ ಎಲೆಯನ್ನು ಕೊನೆಗೆ ನೋಡಬೇಕು. ಗಿಡ ಬಂದ ದಾರಿ ಮೊದಲು, ಸೀಳಿದ ಮಾಗಿದ ಹಣ್ಣು ಅನಂತರ, ಎಲೆ ಅವೆರಡಕ್ಕೂ ಬೆಂಬಲವಾಗಿ ಮಾತ್ರ.

ಅದು ಅಂಜೂರವೇ ಎಂಬುದು ಮೊದಲು ಖಚಿತವಾಗಲಿ

ಗಿಡ ಇನ್ನೂ ಚಿಕ್ಕದಾಗಿದ್ದು ಕಾಯಿ ಬಿಟ್ಟಿಲ್ಲದಿದ್ದರೆ ಅದನ್ನು ಬೇರೆ ಗಿಡಗಳಿಂದ ಬೇರ್ಪಡಿಸಿ ನೋಡುವುದು ಅಗತ್ಯ. ಹಿಪ್ಪುನೇರಳೆಯೂ ಅಂಜೂರದ ಕುಟುಂಬಕ್ಕೇ ಸೇರಿದ್ದು, ಅದರ ಕೆಲವು ಬಗೆಗಳಲ್ಲಿ ಎಲೆ ಅಂಜೂರದ ಎಲೆಯಷ್ಟೇ ಆಳವಾಗಿ ಸೀಳಿರುತ್ತದೆ. ಎರಡನ್ನೂ ಬೇರ್ಪಡಿಸಲು ಟೊಂಗೆಯನ್ನು ಹತ್ತಿರದಿಂದ ನೋಡಿದರೆ ಸಾಕು. ಅಂಜೂರದ ಟೊಂಗೆಯ ತುದಿಯಲ್ಲಿ ಮೊನಚಾದ ಮೊಗ್ಗಿರುತ್ತದೆ. ಅದನ್ನು ಸುತ್ತಿಕೊಂಡಿದ್ದ ಹೊದಿಕೆ ಉದುರಿದ ಜಾಗದಲ್ಲಿ, ಪ್ರತಿ ಗೆಣ್ಣಿನಲ್ಲೂ, ಟೊಂಗೆಯನ್ನು ಪೂರ್ತಿ ಬಳಸಿದ ತೆಳುವಾದ ಒಂದು ಉಂಗುರದ ಗುರುತು ಉಳಿಯುತ್ತದೆ. ಉಗುರಿನಿಂದ ಸವರಿದರೂ ಅದು ತಿಳಿಯುತ್ತದೆ. ಆಲ, ಅತ್ತಿ, ಅರಳಿಗಳಲ್ಲೂ ಇರುವ ಈ ಉಂಗುರ ಹಿಪ್ಪುನೇರಳೆಯಲ್ಲಿ ಇರುವುದಿಲ್ಲ.

ಅತ್ತಿಯ ಜಾತಿಗಳಿಂದ ಬೇರ್ಪಡಿಸುವುದು ಇನ್ನೂ ಸುಲಭ. ಅತ್ತಿಯ ಎಲೆ ಸೀಳಿಲ್ಲದ, ನುಣುಪಾದ ಎಲೆ. ಕಾಯಿಗಳು ಕಾಂಡದ ಮೇಲೆ ಮತ್ತು ದಪ್ಪ ಕೊಂಬೆಗಳ ಮೇಲೆ ಗೊಂಚಲಾಗಿ ಬರುತ್ತವೆ. ಕಾಡತ್ತಿಯಲ್ಲಿ ಎಲೆಗಳು ಒಂದಕ್ಕೊಂದು ಎದುರಾಗಿ ಜೋಡಿಯಾಗಿರುತ್ತವೆ, ಅಂಜೂರದಲ್ಲಿ ಒಂದರ ನಂತರ ಒಂದರಂತೆ ಪರ್ಯಾಯವಾಗಿರುತ್ತವೆ. ಗರಗತ್ತಿಯ ಎಲೆ ಉಪ್ಪುಕಾಗದದಷ್ಟು ಒರಟಾಗಿದ್ದರೂ ಅದರ ಕಾಯಿಗಳು ತೀರ ಚಿಕ್ಕವು. ಅತ್ತಿಹಣ್ಣನ್ನು ಬಿಚ್ಚಿದರೆ ಒಳಗೆಲ್ಲ ಹುಳು ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಆ ಹುಳುಗಳು ಅತ್ತಿಯ ಪರಾಗಸ್ಪರ್ಶ ಮಾಡುವ ಸಣ್ಣ ಕಣಜಗಳು ಮತ್ತು ಅವುಗಳ ಜೊತೆಗಾರರು. ನಮ್ಮ ಹಿತ್ತಿಲಿನ ಅಂಜೂರದೊಳಗೆ ಈ ಕಣಜಗಳು ಕಾಣಸಿಗುವುದಿಲ್ಲ. ಅದರ ಕಾರಣವೇ ತಳಿಯ ಗುರುತಿಗೂ ದೊಡ್ಡ ಸುಳಿವು.

ಗಿಡ ಬಂದ ದಾರಿ: ಕಡ್ಡಿಯೋ, ಬೀಜವೋ, ಯಾವ ಕಾಲದ್ದೋ

ಅಂಜೂರವೆಂದು ನಾವು ತಿನ್ನುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಸಾವಿರಾರು ಪುಟ್ಟ ಹೂಗಳು ಒಳಗೇ ಅರಳುತ್ತವೆ, ಮತ್ತು ಹೊರಗಿನಿಂದ ಒಳಕ್ಕೆ ಇರುವ ದಾರಿ ಹಣ್ಣಿನ ತಳದ ಕಣ್ಣು ಮಾತ್ರ. ಪರಾಗಸ್ಪರ್ಶಕ್ಕೆ ಬ್ಲಾಸ್ಟೋಫಾಗಾ ಎಂಬ ಕಣಜ ಬೇಕು, ಆ ಕಣಜ ಬದುಕಲು ಕ್ಯಾಪ್ರಿ ಅಂಜೂರ ಎಂದು ಕರೆಯುವ ಗಂಡು ಗಿಡ ಬೇಕು. ನಮ್ಮ ತೋಟಗಳಲ್ಲಿ ಇವೆರಡೂ ಸಾಮಾನ್ಯವಾಗಿ ಇಲ್ಲದಿರುವುದರಿಂದ, ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕಟ್ಟುವ ತಳಿಗಳನ್ನಷ್ಟೇ ಇಲ್ಲಿ ಬೆಳೆಸುತ್ತಾ ಬಂದಿದ್ದಾರೆ. ಅಂಥ ಹಣ್ಣಿನೊಳಗಿನ ಬೀಜಗಳು ಬರಿಯ ಚಿಪ್ಪುಗಳು. ಒಳಗೆ ಜೀವವಿಲ್ಲದ ಅವು ಮೊಳೆಯುವುದಿಲ್ಲ. ಹೀಗಾಗಿ ನಮ್ಮ ಊರಿನ ಅಂಜೂರ ತಿಂದು ಎಸೆದ ಬೀಜದಿಂದ ಗಿಡ ಹುಟ್ಟಿತು ಎಂಬ ವಿವರಣೆಯನ್ನು ಒಪ್ಪುವುದು ಕಷ್ಟ.

ಆದರೆ ಟರ್ಕಿ ಮತ್ತು ಅಫ್ಘಾನಿಸ್ತಾನದಿಂದ ಬರುವ ಒಣ ಅಂಜೂರದ ಬೀಜ ಮೊಳೆಯುತ್ತದೆ. ಟರ್ಕಿಯ ಒಣ ಅಂಜೂರ ಮುಖ್ಯವಾಗಿ ಸ್ಮಿರ್ನಾ ಗುಂಪಿನದು, ಅದು ಕಣಜದ ಪರಾಗಸ್ಪರ್ಶವಿಲ್ಲದೆ ಹಣ್ಣಾಗುವುದೇ ಇಲ್ಲ. ಆದ್ದರಿಂದ ಅದರ ಬೀಜ ಗಟ್ಟಿಯಾಗಿ ತುಂಬಿರುತ್ತದೆ. ಒಣಹಣ್ಣು ತಿಂದವರು ಕುಂಡಕ್ಕೆ ಎಸೆದ ಬೀಜದಿಂದ ಗಿಡವಾಗಿದ್ದರೆ ಅದಕ್ಕೆ ಯಾವ ತಳಿಯ ಹೆಸರೂ ಸಲ್ಲದು, ಏಕೆಂದರೆ ಪ್ರತಿ ಬೀಜದ ಗಿಡವೂ ಒಂದು ಹೊಸ ಮಿಶ್ರಣ. ಅವುಗಳಲ್ಲಿ ಸುಮಾರು ಅರ್ಧದಷ್ಟು ತಿನ್ನಲು ಬಾರದ, ಬೆಂಡಿನಂತೆ ಒಣ ತಿರುಳಿರುವ ಗಂಡು ಗಿಡಗಳಾಗುತ್ತವೆ. ಉಳಿದ ಹೆಣ್ಣು ಗಿಡಗಳಲ್ಲೂ ಅನೇಕವು ಪರಾಗಸ್ಪರ್ಶವಿಲ್ಲದೆ ಕಾಯಿಯನ್ನು ಉಳಿಸಿಕೊಳ್ಳುವುದಿಲ್ಲ. ಆರೋಗ್ಯವಾಗಿರುವ ಗಿಡ ವರ್ಷವರ್ಷವೂ ಗೋಲಿಯ ಗಾತ್ರದ ಕಾಯಿ ಬಿಟ್ಟು, ಅವು ಹಳದಿಗಟ್ಟಿ, ಸುಕ್ಕಾಗಿ ಉದುರುತ್ತಿದ್ದರೆ ಈ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ನೀರಿನ ಏರುಪೇರಿನಿಂದಲೂ ಕಾಯಿ ಉದುರುತ್ತದೆಯಾದರೂ, ಆಗ ಕೆಲವಾದರೂ ಉಳಿದು ಹಣ್ಣಾಗುತ್ತವೆ. ಬೀಜದ ಗಿಡದಲ್ಲಿ ಒಂದೂ ನಿಲ್ಲದೆ ಹೋಗುವುದು ಗಮನಾರ್ಹ ವ್ಯತ್ಯಾಸ. ಕಡ್ಡಿಯಿಂದ ಬಂದ ಗಿಡ ಒಂದೆರಡು ವರ್ಷಗಳಲ್ಲೇ ಕಾಯಿ ತೋರಿಸುತ್ತದೆ, ಬೀಜದ ಗಿಡಕ್ಕೆ ಇದಕ್ಕಿಂತ ಹಲವು ವರ್ಷ ಹೆಚ್ಚು ಬೇಕು.

ಗಿಡದ ವಯಸ್ಸೂ ಕೆಲವು ಹೆಸರುಗಳನ್ನು ತಾನಾಗಿ ಅಳಿಸಿಹಾಕುತ್ತದೆ. ನಮ್ಮಲ್ಲಿ ಡಯಾನಾ ಎಂದು ಮಾರಾಟವಾಗುವುದು ಕ್ಯಾಲಿಫೋರ್ನಿಯಾದಲ್ಲಿ ಡಬ್ಲ್ಯು. ಬಿ. ಸ್ಟೋರಿ ಅವರು ಅಭಿವೃದ್ಧಿಪಡಿಸಿ 1975ರಲ್ಲಿ ಬಿಡುಗಡೆ ಮಾಡಿದ ತಳಿ. ಎಕ್ಸೆಲ್ ಕೂಡ ಅದೇ ಕಾಲದ್ದು. ಕೊನಾಡ್ರಿಯಾ ಕಾಂಡಿಟ್ ಅವರ ತಳಿ, 1950ರ ದಶಕದ್ದು. ಹಾಗಾಗಿ ಅಜ್ಜನ ಕಾಲದಲ್ಲಿ, ಅಂದರೆ 1975ಕ್ಕೂ ಮೊದಲು ನೆಟ್ಟದ್ದೆಂದು ಮನೆಯವರು ಖಚಿತವಾಗಿ ಹೇಳುವ ಗಿಡ, ಅಥವಾ ಅಂಥ ಗಿಡದ ಕಡ್ಡಿಯಿಂದ ಬಂದ ಗಿಡ, ಡಯಾನಾ ಆಗಿರಲು ಸಾಧ್ಯವಿಲ್ಲ. ಶ್ರೀರಂಗಪಟ್ಟಣದ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿದ್ದ ಊರು. ಮೈಸೂರು, ಮಂಡ್ಯದ ಹಳೆಯ ಮನೆಗಳ ಗಿಡಗಳಲ್ಲಿ ಆ ವಂಶದವು ಇರಬಹುದೆಂಬುದನ್ನು ಮರೆಯಬಾರದು. ಮನೆಯ ಹಿರಿಯರನ್ನು, ಪಕ್ಕದ ಮನೆಯವರನ್ನು, ಕಡ್ಡಿ ಕೊಟ್ಟವರು ಗೊತ್ತಿದ್ದರೆ ಅವರನ್ನು ಕೇಳಿ ಪಡೆಯುವ ಮಾಹಿತಿಯ ಬೆಲೆ ಎಲೆಯ ನೂರು ಚಿತ್ರಗಳಿಗಿಂತ ಹೆಚ್ಚು.

ಹಣ್ಣನ್ನು ಸೀಳಿ ನೋಡುವ ಬಗೆ

ನಿರ್ಣಾಯಕ ಸಾಕ್ಷ್ಯ ಇರುವುದು ಹಣ್ಣಿನಲ್ಲಿ, ಅದೂ ಗಿಡದ ಮೇಲೆಯೇ ಪೂರ್ತಿ ಮಾಗಿದ ಹಣ್ಣಿನಲ್ಲಿ. ಅಂಜೂರವನ್ನು ಕಾಯಾಗಿ ಕಿತ್ತು ಒಳಗಿಟ್ಟರೆ ಅದು ಸರಿಯಾಗಿ ಹಣ್ಣಾಗುವುದಿಲ್ಲ. ಮೆತ್ತಗಾದರೂ ಸಿಹಿಯೂ ಬಣ್ಣವೂ ಕೂಡಿಬರುವುದಿಲ್ಲ. ಮಾಗಿದುದಕ್ಕೆ ಮೂರು ಗುರುತುಗಳನ್ನು ನಂಬಬಹುದು. ಅದುವರೆಗೆ ಟೊಂಗೆಯಿಂದ ಚಾಚಿ ನಿಂತಿದ್ದ ಹಣ್ಣು ಕತ್ತು ಬಾಗಿಸಿ ಕೆಳಮುಖವಾಗಿ ಜೋಲುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಕತ್ತಿನ ಭಾಗವೂ ಮೆತ್ತಗೆ ತಗ್ಗುತ್ತದೆ. ಕಿತ್ತಾಗ ತೊಟ್ಟಿನಿಂದ ಬಿಳಿಯ ಹಾಲು ಒಸರುವುದಿಲ್ಲ, ಇಲ್ಲವೇ ಚುಕ್ಕೆಯಷ್ಟೇ ಕಾಣಿಸುತ್ತದೆ. ಹಾಲು ಧಾರಾಳವಾಗಿ ಸುರಿದರೆ ಆ ಹಣ್ಣನ್ನು ಹೋಲಿಕೆಗೆ ಬಳಸಬಾರದು. ಈ ಹಾಲು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಕೆಲವರಿಗೆ ಸುಟ್ಟಂತೆ ಬೊಬ್ಬೆಗಳೇಳುತ್ತವೆ, ಆದುದರಿಂದ ಉದ್ದ ತೋಳಿನ ಬಟ್ಟೆ ತೊಟ್ಟು, ಕೆಲಸ ಮುಗಿದೊಡನೆ ಕೈ ತೊಳೆಯುವುದು ಒಳ್ಳೆಯದು.

ಬೆಳಗಿನ ತಂಪಿನಲ್ಲಿ ಐದಾರು ಹಣ್ಣುಗಳನ್ನು, ಗಿಡದ ಬೇರೆ ಬೇರೆ ಭಾಗಗಳಿಂದ, ತೊಟ್ಟಿನ ಸಮೇತ ಕೀಳಬೇಕು. ಮೊದಲು ಇಡಿಯಾಗಿ ತೂಗಬೇಕು. ಅನಂತರ ಆಕಾರವನ್ನು ಬರೆದುಕೊಳ್ಳಬೇಕು: ಬುಗುರಿಯಂತೆ ಮೇಲೆ ಕಿರಿದಾಗಿ ಕೆಳಗೆ ಅಗಲವೇ, ದುಂಡಗೆಯೇ, ಕತ್ತು ಉದ್ದವೇ ಅಥವಾ ಕತ್ತೇ ಇಲ್ಲವೇ. ಸಿಪ್ಪೆಯ ಬಣ್ಣವನ್ನು ಒಂದೇ ಪದದಲ್ಲಿ ಬರೆಯುವ ಬದಲು ಕತ್ತಿನ ಹತ್ತಿರ ಯಾವ ಬಣ್ಣ, ಹೊಟ್ಟೆಯ ಭಾಗದಲ್ಲಿ ಯಾವುದು, ಕಣ್ಣಿನ ಸುತ್ತ ಯಾವುದು ಎಂದು ಬಿಡಿಸಿ ಬರೆಯಬೇಕು; ಉದ್ದಕ್ಕೆ ಏರುಗೆರೆಗಳಿವೆಯೇ, ಬಿಳಿ ಚುಕ್ಕೆಗಳಿವೆಯೇ, ಮಾಗಿದಾಗ ಸಿಪ್ಪೆ ಸಣ್ಣಗೆ ಬಿರಿಯುತ್ತದೆಯೇ ಎಂಬುದನ್ನೂ ಗಮನಿಸಬೇಕು. ಕಣ್ಣು ಮುಚ್ಚಿದೆಯೇ, ತೆರೆದಿದೆಯೇ, ಅದರ ಸುತ್ತಣ ಪುಟ್ಟ ಎಸಳುಗಳ ಬಣ್ಣವೇನು ಎಂಬ ವಿವರ ಅತಿ ಮುಖ್ಯ, ಏಕೆಂದರೆ ಗಾತ್ರ ಮತ್ತು ಬಣ್ಣ ನೀರು ಬಿಸಿಲಿಗೆ ತಕ್ಕಂತೆ ಬದಲಾದಷ್ಟು ಕಣ್ಣಿನ ಸ್ವರೂಪ ಬದಲಾಗುವುದಿಲ್ಲ. ಕಣ್ಣು ತೆರೆದ ತಳಿಗಳಿಗೆ ಇರುವೆ, ನೊಣ ಮತ್ತು ಮಳೆನೀರು ಒಳಹೊಕ್ಕು ಹಣ್ಣು ಹುಳಿಯುತ್ತದೆ ಎಂಬ ವ್ಯಾವಹಾರಿಕ ಕಾರಣವೂ ಇದಕ್ಕಿದೆ.

ಆಮೇಲೆ ಹರಿತವಾದ ಚಾಕುವಿನಿಂದ ತೊಟ್ಟಿನಿಂದ ಕಣ್ಣಿನವರೆಗೆ ಉದ್ದಕ್ಕೆ ಸೀಳಬೇಕು. ಸಿಪ್ಪೆಯ ಒಳಗೆ ಬಿಳಿಯ ಪದರವೊಂದು ಕಾಣುತ್ತದೆ. ಅದು ತೆಳುವೋ ದಪ್ಪವೋ ನೋಡಬೇಕು. ಅದರೊಳಗಿನ ತಿರುಳು ಜೇನಿನ ಬಣ್ಣದ್ದೇ, ತಿಳಿ ಗುಲಾಬಿಯೇ, ಕೆಂಪೇ, ಕಡುಗೆಂಪೇ ಎಂಬುದನ್ನು ಹಗಲು ಬೆಳಕಿನಲ್ಲಿ, ಸೀಳಿದ ಕೂಡಲೇ ದಾಖಲಿಸಬೇಕು. ನಡುವೆ ಪೊಳ್ಳಿದ್ದರೆ ಅದರ ಗಾತ್ರವನ್ನೂ ಬರೆದಿಡಬೇಕು. ಬಿಳಿಯ ಕಾಗದದ ಮೇಲೆ ಒಂದು ಅಳತೆಪಟ್ಟಿ ಇಟ್ಟು, ಇಡೀ ಹಣ್ಣು, ಸೀಳಿದ ಹಣ್ಣು ಮತ್ತು ಕಣ್ಣಿನ ಭಾಗ ಮೂರನ್ನೂ ಒಂದೇ ಚಿತ್ರದಲ್ಲಿ ಸೆರೆಹಿಡಿದರೆ ಯಾರಿಗೆ ತೋರಿಸಿದರೂ ಅವರು ಹೇಳಬಲ್ಲ ಮಾತಿಗೆ ಆಧಾರ ಸಿಗುತ್ತದೆ. ಎಲೆಯ ಚಿತ್ರವೊಂದನ್ನೇ ಕಳಿಸಿ ಹೆಸರು ಕೇಳಿದರೆ ತಿಳಿದವರೂ ಊಹೆಯನ್ನೇ ಹೇಳಬೇಕಾಗುತ್ತದೆ.

ಮಳೆಗಾಲದ ಹಣ್ಣು ಮತ್ತು ಬೇಸಿಗೆಯ ಹಣ್ಣು ಒಂದೇ ಗಿಡದ್ದಾದರೂ ಬೇರೆಯಾಗಿ ಕಾಣುತ್ತವೆ. ಮೋಡ ಮತ್ತು ತೇವ ಇರುವಾಗ ಹಣ್ಣು ನೀರಾಗಿ, ಬಣ್ಣ ಪೇಲವವಾಗಿ, ಸಿಹಿ ಕಡಿಮೆಯಾಗಿ ಬರುತ್ತದೆ. ಪುಣೆ ಸೀಮೆಯ ಬೆಳೆಗಾರರು ಮಳೆಗಾಲದ ಫಸಲನ್ನು ಖಟ್ಟಾ ಬಹಾರ್ ಎಂದೂ ಬೇಸಿಗೆಯತ್ತ ಮಾಗುವುದನ್ನು ಮೀಠಾ ಬಹಾರ್ ಎಂದೂ ಬೇರೆಯಾಗಿಯೇ ಎಣಿಸುತ್ತಾರೆ. ಗುರುತಿಗಾಗಿ ನೋಡುವುದಾದರೆ ಒಣ ಹವೆಯ ಹಣ್ಣನ್ನೇ ನೋಡಬೇಕು.

ಇನ್ನೊಂದು ಎಚ್ಚರಿಕೆ ವಿದೇಶದ ವರ್ಣನೆಗಳಿಗೆ ಸಂಬಂಧಿಸಿದ್ದು. ಪರಾಗಸ್ಪರ್ಶವಾದ ಅಂಜೂರದಲ್ಲಿ ಹಣ್ಣು ದೊಡ್ಡದಾಗುತ್ತದೆ, ತಿರುಳಿನ ಕೆಂಪು ಗಾಢವಾಗುತ್ತದೆ, ಬೀಜ ಗಟ್ಟಿಯಾಗಿ ಕುರುಕಲಾಗುತ್ತದೆ. ಕ್ಯಾಲಿಫೋರ್ನಿಯಾ, ಇಟಲಿ, ಟರ್ಕಿಗಳಲ್ಲಿ ತೆಗೆದ ಚಿತ್ರಗಳು ಎಷ್ಟೋ ವೇಳೆ ಅಂಥ ಹಣ್ಣುಗಳವು. ಅದೇ ತಳಿ ನಮ್ಮಲ್ಲಿ ತಿಳಿಯಾದ ತಿರುಳನ್ನು ಕೊಟ್ಟರೆ, ಅದರಿಂದಲೇ ಅದು ಬೇರೆ ತಳಿಯೆಂದು ತೀರ್ಮಾನಿಸಲಾಗದು.

ಎಲೆಗೆ ಎಷ್ಟು ಬೆಲೆ ಕೊಡಬೇಕು

ಒಂದೇ ಅಂಜೂರದ ಗಿಡದಲ್ಲಿ ಸೀಳೇ ಇಲ್ಲದ ಎಲೆ, ಮೂರು ಸೀಳಿನ ಎಲೆ, ಐದು ಸೀಳಿನ ಎಲೆ ಮೂರೂ ಇರಬಹುದು. ಬುಡದಿಂದ ಹುರುಪಾಗಿ ಏಳುವ ಚಿಗುರಿನ ಎಲೆಗಳು ಆಳವಾಗಿ ಸೀಳಿರುತ್ತವೆ, ನೆರಳಿನಲ್ಲಿರುವ ಎಲೆಗಳು ಅಗಲವಾಗಿ ಹರಡುತ್ತವೆ. ಎಲೆಯನ್ನು ಹೋಲಿಸಲೇಬೇಕಾದರೆ, ಈ ವರ್ಷದ್ದೇ ಆದ, ಕಾಯಿ ಹಿಡಿದಿರುವ, ಬಿಸಿಲಿನಲ್ಲಿರುವ ಟೊಂಗೆಗಳ ನಡುಭಾಗದಿಂದ ಬಲಿತ ಎಲೆಗಳನ್ನು ಹತ್ತಾರು ಆರಿಸಿ, ಅವುಗಳಲ್ಲಿ ಹೆಚ್ಚಾಗಿ ಕಾಣುವ ರೂಪ ಯಾವುದೆಂದು ನೋಡಬೇಕು. ಸೀಳುಗಳ ಸಂಖ್ಯೆಗಿಂತಲೂ ತೊಟ್ಟು ಸೇರುವ ಕಡೆ ಎಲೆಯ ಬುಡ ಹೃದಯದಂತೆ ಒಳಸರಿದಿದೆಯೋ, ನೇರವಾಗಿ ಕತ್ತರಿಸಿದಂತಿದೆಯೋ ಎಂಬುದು, ಮತ್ತು ನಡುವಿನ ಸೀಳಿನ ಆಕಾರ, ಹೆಚ್ಚು ಸ್ಥಿರವಾದ ಲಕ್ಷಣಗಳು.

ರೋಗ ತಗುಲಿದ ಎಲೆಯನ್ನು ಹೋಲಿಕೆಗೆ ತರಲೇಬಾರದು. ಮಳೆಗಾಲದ ಕೊನೆಗೆ ಅಂಜೂರಕ್ಕೆ ತುಕ್ಕು ರೋಗ ಸಾಮಾನ್ಯ. ಎಲೆಯ ಅಡಿಯಲ್ಲಿ ಕಂದು ಪುಡಿಯಂಥ ಚುಕ್ಕೆಗಳು ಹರಡಿ ಎಲೆಗಳು ಹಳದಿಯಾಗಿ ಉದುರುತ್ತವೆ. ಮೊಸಾಯಿಕ್ ರೋಗದಲ್ಲಿ ಎಲೆಯ ಮೇಲೆ ಹಳದಿ ಮಚ್ಚೆಗಳು ಮೂಡಿ ಆಕಾರವೇ ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮೂಲಕವೂ ರೋಗವಿರುವ ಗಿಡದ ಕಡ್ಡಿಯ ಮೂಲಕವೂ ಹರಡುವ ಈ ರೋಗವನ್ನು ಕೆಲವರು ತಳಿಯ ಲಕ್ಷಣವೆಂದೇ ಭಾವಿಸಿಬಿಡುತ್ತಾರೆ.

ಹೆಸರುಗಳನ್ನು ಎದುರುಬದುರು ಇಟ್ಟಾಗ

ಮೊದಲ ವಿಂಗಡಣೆ ಮಾಗಿದ ಹಣ್ಣಿನ ಸಿಪ್ಪೆಯ ಬಣ್ಣದಿಂದ ಆಗಬೇಕು. ಸಿಪ್ಪೆ ನೇರಳೆ, ಕಂದು ಅಥವಾ ತಾಮ್ರದ ಛಾಯೆಯದಾದರೆ ಪೂನಾ, ಬಳ್ಳಾರಿ, ದಿನಕರ್, ಬ್ರೌನ್ ಟರ್ಕಿ ಸ್ಪರ್ಧೆಯಲ್ಲಿ ಉಳಿಯುತ್ತವೆ. ಸಿಪ್ಪೆ ಹೊಂಬಣ್ಣದ ಹಳದಿ ಅಥವಾ ತಿಳಿ ಹಸಿರಾಗಿಯೇ ಉಳಿದರೆ ಡಯಾನಾ, ಕೊನಾಡ್ರಿಯಾ, ಎಕ್ಸೆಲ್ ಉಳಿಯುತ್ತವೆ.

ಬಣ್ಣದ ಗುಂಪಿನಲ್ಲಿ ಅತ್ಯಂತ ಸಂಭವನೀಯವಾದುದು ಪೂನಾ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಮತ್ತು ದೇಶದಲ್ಲಿ ತಾಜಾ ಹಣ್ಣಿಗಾಗಿ ವ್ಯಾಪಕವಾಗಿ ಬೆಳೆಯುವುದು ಈ ತಳಿಯನ್ನೇ. ಹಣ್ಣು ಮಧ್ಯಮ ಗಾತ್ರದ್ದು, ಸಾಮಾನ್ಯವಾಗಿ 30ರಿಂದ 60 ಗ್ರಾಂ ತೂಗುತ್ತದೆ. ಗಂಟೆಯ ಅಥವಾ ಬುಗುರಿಯ ಆಕಾರ, ತೆಳು ಸಿಪ್ಪೆ, ಗುಲಾಬಿಯಿಂದ ಕೆಂಪಿನವರೆಗಿನ ತಿರುಳು. ಸಿಪ್ಪೆ ತೆಳುವಾದುದರಿಂದ ಕಿತ್ತ ಮರುದಿನಕ್ಕೇ ಬಾಡತೊಡಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ರೈತರು ಕಡ್ಡಿಯಿಂದ ಕಡ್ಡಿಗೆ ಉಳಿಸಿಕೊಂಡು ಬಂದಿರುವ ಬಳ್ಳಾರಿ ಅಂಜೂರವೂ ಬಣ್ಣದ ಗುಂಪಿನದೇ. ಇವೆರಡನ್ನೂ ಒಂದೆರಡು ಹಣ್ಣುಗಳನ್ನಷ್ಟೇ ನೋಡಿ ಬೇರ್ಪಡಿಸಲು ಹೊರಡುವುದು ಸರಿಯಲ್ಲ ಎಂದೇ ನಾನು ಭಾವಿಸುತ್ತೇನೆ. ಅಲ್ಲಿ ಗಿಡ ಬಂದ ದಾರಿಯೇ ಮುಖ್ಯ ಸಾಕ್ಷಿ. ಹೊಸಪೇಟೆಯ ಕಡೆಯ ನೆಂಟರಿಂದ ಬಂದ ಕಡ್ಡಿಗೆ ಬಳ್ಳಾರಿಯ ಹೆಸರನ್ನೂ, ಪುಣೆ ಸೊಲ್ಲಾಪುರದ ಕಡೆಯ ನರ್ಸರಿಯಿಂದ ಬಂದುದಕ್ಕೆ ಪೂನಾ ಹೆಸರನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ನ್ಯಾಯವಾದ ಕ್ರಮ. ದಿನಕರ್ ಎಂಬುದು ಮರಾಠವಾಡದ ದೌಲತಾಬಾದ್ ಅಂಜೂರದಿಂದ ಆರಿಸಿ ತೆಗೆದ ತಳಿ, ಇಳುವರಿಯಲ್ಲೂ ಹಣ್ಣಿನ ಗುಣದಲ್ಲೂ ಮೂಲಕ್ಕಿಂತ ಮೇಲು ಎಂಬ ಕಾರಣಕ್ಕೆ ಹರಡಿತು. ಕಲಬುರಗಿ, ಬೀದರ್ ಕಡೆಯ ಹಿತ್ತಿಲುಗಳಲ್ಲಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬ್ರೌನ್ ಟರ್ಕಿಯ ಹಣ್ಣಿನ ಸಿಪ್ಪೆ ತಾಮ್ರದ ಕಂದು, ತೊಟ್ಟಿನ ಕಡೆಗೆ ಹಸಿರು ಉಳಿದಿರುತ್ತದೆ; ತಿರುಳು ತಿಳಿ ಗುಲಾಬಿ, ಸಿಹಿ ಮಿತವಾದದ್ದು. ಗಟ್ಟಿಮುಟ್ಟಾದ ಗಿಡ, ಬುಡದವರೆಗೆ ಕತ್ತರಿಸಿದರೂ ಹೊಸ ಚಿಗುರಿನಲ್ಲಿ ಕಾಯಿ ಬಿಡುತ್ತದೆ. ಈ ಹೆಸರನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ ಇಂಗ್ಲೆಂಡಿನಲ್ಲಿ ಬ್ರೌನ್ ಟರ್ಕಿ ಎನ್ನುವುದು ಒಂದು, ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಿನಿಂದ ಮಾರುವ ದೊಡ್ಡ ಹಣ್ಣಿನ ತಳಿ ಇನ್ನೊಂದು. ಕುಂಡದ ಗಿಡಗಳನ್ನು ಮಾರುವ ನರ್ಸರಿಗಳಲ್ಲಿ ಕಂದು ಬಣ್ಣದ ಯಾವ ಅಂಜೂರಕ್ಕಾದರೂ ಈ ಚೀಟಿ ಬೀಳುವುದುಂಟು.

ಹಳದಿ ಗುಂಪಿನಲ್ಲಿ ಡಯಾನಾ ಇಂದು ಮುಂಚೂಣಿಯಲ್ಲಿದೆ. ಹಣ್ಣು ಪೂನಾಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಸಿಪ್ಪೆ ಹೊಂಬಣ್ಣ, ತಿರುಳು ಜೇನುಬಣ್ಣದಿಂದ ತಿಳಿಗೆಂಪಿನ ನಡುವೆ. ಬಳ್ಳಾರಿ ಸೀಮೆಯಲ್ಲಿ ಒಣಗಿಸುವ ಉದ್ದೇಶಕ್ಕೆ ರೈತರು ಇದನ್ನು ಒಪ್ಪಿಕೊಂಡಿರುವುದರಿಂದ ಇತ್ತೀಚಿನ ವರ್ಷಗಳಲ್ಲಿ ಕೊಂಡ, ಹಳದಿ ಹಣ್ಣಿನ ಗಿಡವೆಂದರೆ ಮೊದಲು ಡಯಾನಾವನ್ನೇ ಪರಿಶೀಲಿಸಬೇಕು. ಕೊನಾಡ್ರಿಯಾದ ಸಿಪ್ಪೆ ತಿಳಿ ಹಸಿರು, ತಿರುಳು ಡಯಾನಾಕ್ಕಿಂತ ಹೆಚ್ಚು ಕೆಂಪು. ಎಕ್ಸೆಲ್‌ನ ತಿರುಳು ಕೆಂಪಿಲ್ಲದ ಜೇನುಬಣ್ಣ, ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ. ಈ ಮೂರನ್ನು ಬೇರ್ಪಡಿಸಲು ತಿರುಳಿನ ಬಣ್ಣ ನೆರವಾಗುತ್ತದೆ, ಆದರೆ ಅದೊಂದೇ ಸಾಲದು.

ಹೊರದೇಶದ ಹಿತ್ತಿಲಿನಲ್ಲಿ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಪಟ್ಟಿ ಒಗ್ಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಪ್ಪು ನೇರಳೆ ಹಣ್ಣಿನ ಹಳೆಯ ಮರವಾದರೆ ಬ್ಲ್ಯಾಕ್ ಮಿಷನ್ ಮೊದಲ ಊಹೆ, ಹಳದಿಯಾದರೆ ಕಡೋಟಾ. ಅಲ್ಲಿ 1899ರಲ್ಲಿ ಫ್ರೆಸ್ನೋ ಪ್ರದೇಶದಲ್ಲಿ ಅಂಜೂರದ ಕಣಜವನ್ನು ನೆಲೆಗೊಳಿಸಿದ್ದರಿಂದ ಬೀಜಗಳು ಮೊಳೆಯುತ್ತವೆ, ಗೋಡೆಯ ಸಂದಿಯಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟಿದ ಗಿಡಗಳು ಹೇರಳ. ಯಾರೂ ನೆಡದ ಜಾಗದಲ್ಲಿ ಬೆಳೆದ ಗಿಡಕ್ಕೆ ಅಲ್ಲಿ ತಳಿಯ ಹೆಸರು ಹುಡುಕುವುದು ವ್ಯರ್ಥ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಚಿಕ್ಕ, ನೇರಳೆಗಂದು, ಕಣ್ಣು ಮುಚ್ಚಿದ ಹಣ್ಣಾದರೆ ಸೆಲೆಸ್ಟ್ ಆಗಿರುವ ಸಂಭವ ಹೆಚ್ಚು. ಇಂಗ್ಲೆಂಡಿನ ಮನೆಯಂಗಳದಲ್ಲಿ ಬ್ರೌನ್ ಟರ್ಕಿಯೇ ಹೆಚ್ಚು.

ಆ್ಯಪ್, ಪ್ರಯೋಗಾಲಯ, ಪಕ್ಕದಲ್ಲಿ ನೆಟ್ಟ ಕಡ್ಡಿ

ಮೊಬೈಲ್ ಆ್ಯಪ್‌ಗಳು ಗಿಡ ಅಂಜೂರವೆಂದು ಹೇಳುವಲ್ಲಿ ಉಪಯುಕ್ತ, ಅದಕ್ಕಿಂತ ಮುಂದಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಡಿಎನ್‌ಎ ಪರೀಕ್ಷೆ ಖಚಿತವಾದರೂ ಅದರ ಉತ್ತರ ಹೋಲಿಕೆಯ ಉತ್ತರವೇ: ನಮ್ಮ ಮಾದರಿ ಪ್ರಯೋಗಾಲಯದಲ್ಲಿರುವ ಇಂಥ ಮಾದರಿಗೆ ಹೊಂದುತ್ತದೆ ಅಥವಾ ಹೊಂದುವುದಿಲ್ಲ. ಹೆಸರು ಖಚಿತವಾಗಿರುವ ಪೂನಾ, ಬಳ್ಳಾರಿ, ಡಯಾನಾ ಮಾದರಿಗಳು ಎದುರಿಗಿಲ್ಲದಿದ್ದರೆ ಪರೀಕ್ಷೆ ಹೆಸರನ್ನು ಹೇಳಲಾರದು. ಒಂದು ಹಿತ್ತಿಲಿನ ಗಿಡಕ್ಕಾಗಿ ಆ ವೆಚ್ಚ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ನೂರಾರು ಗಿಡಗಳ ತೋಟ ಎಬ್ಬಿಸಲು ಕಡ್ಡಿ ತೆಗೆಯುವವರ ಮಾತು ಬೇರೆ.

ಮನೆಯವರಿಗೆ ನಾನು ಸೂಚಿಸುವ ಮಾರ್ಗ ಪಕ್ಕಪಕ್ಕದಲ್ಲಿ ಬೆಳೆಸಿ ನೋಡುವುದು. ಸಂಶಯವಿರುವ ತಳಿಯ ಸಸಿಯನ್ನು ತೋಟಗಾರಿಕೆ ಇಲಾಖೆಯ ನರ್ಸರಿಯಂಥ ನಂಬಬಹುದಾದ ಕಡೆಯಿಂದ ತಂದು, ಹೆಸರಿಲ್ಲದ ಗಿಡದ ಕಡ್ಡಿಯೊಂದನ್ನೂ ಅದರ ಪಕ್ಕದಲ್ಲೇ, ಅಷ್ಟೇ ಗಾತ್ರದ ಕುಂಡದಲ್ಲಿ, ಅದೇ ಮಣ್ಣಿನಲ್ಲಿ ನೆಡಬೇಕು. ಕಡ್ಡಿ ಬಲಿತದ್ದಾಗಿರಬೇಕು, ಪೆನ್ಸಿಲಿನಷ್ಟು ದಪ್ಪ, ಒಂದು ಗೇಣು ಉದ್ದ, ನಾಲ್ಕೈದು ಗೆಣ್ಣು ಇದ್ದರೆ ಸಾಕು. ಎರಡಕ್ಕೂ ಒಂದೇ ನೀರು, ಒಂದೇ ಬಿಸಿಲು, ಒಂದೇ ದಿನ ಚಾಟ್ನಿ, ಅಂದರೆ ಟೊಂಗೆ ಸವರುವುದು. ಮಣ್ಣು, ಹವೆ, ವಯಸ್ಸು ಎಂಬ ನೆಪಗಳೆಲ್ಲ ಹೀಗೆ ತಪ್ಪಿಹೋಗುತ್ತವೆ, ಉಳಿಯುವ ವ್ಯತ್ಯಾಸ ತಳಿಯದ್ದೇ ಆಗಿರುತ್ತದೆ. ಎರಡು ಫಸಲುಗಳಲ್ಲಿ ಕಣ್ಣು, ಕತ್ತು, ಸಿಪ್ಪೆ, ತಿರುಳು, ಮಾಗುವ ಕಾಲ ಐದೂ ಹೊಂದಿದರೆ ಆ ಹೆಸರನ್ನು ಒಪ್ಪಿಕೊಳ್ಳಬಹುದು. ಒಂದೇ ಒಂದು ಲಕ್ಷಣ, ಅದರಲ್ಲೂ ಕಣ್ಣಿನ ಸ್ವರೂಪ, ಎರಡೂ ಫಸಲಿನಲ್ಲಿ ಹೊಂದದೆ ಹೋದರೆ ಆ ಹೆಸರನ್ನು ಕೈಬಿಡಬೇಕು.

ಎಲ್ಲ ಹೆಸರುಗಳೂ ಹೀಗೆ ಬಿದ್ದುಹೋದ ಗಿಡ ಒಳ್ಳೆಯ ಹಣ್ಣು ಕೊಡುತ್ತಿದ್ದರೆ, ಅದಕ್ಕೆ ಊರಿನ ಅಥವಾ ಮನೆಯ ಹೆಸರನ್ನೇ ಇಟ್ಟು ಬೆಳೆಸಬೇಕು. ಪರಿಚಿತ ತಳಿಯ ಹೆಸರನ್ನು ಹೊಂದದಿದ್ದರೂ ಅಂಟಿಸಿ ಕಡ್ಡಿ ಹಂಚಿದರೆ ಮುಂದೆ ಅದನ್ನು ಪಡೆದವರೆಲ್ಲರ ಹೋಲಿಕೆಯೂ ಕೆಡುತ್ತದೆ. ಕಾಯಿ ನಿಲ್ಲದ ಬೀಜದ ಗಿಡವಾದರೆ ಇನ್ನಷ್ಟು ವರ್ಷ ಕಾಯುವುದಕ್ಕಿಂತ ಅದರ ಬುಡದ ಮೇಲೆ ಪೂನಾ ಅಥವಾ ಡಯಾನಾದ ಕಡ್ಡಿಯನ್ನು ಕಸಿ ಮಾಡಿಸುವುದು ಮೇಲು. ಕಡ್ಡಿಯನ್ನು ಯಾರಿಗೆ ಕೊಡುವಾಗಲೂ ಮೂಲ ಗಿಡವಿರುವ ಊರು, ನೆಟ್ಟ ವರ್ಷ ತಿಳಿದಿದ್ದರೆ ಅದು, ಮಾಗಿದ ಹಣ್ಣಿನ ಸಿಪ್ಪೆ ಮತ್ತು ತಿರುಳಿನ ಬಣ್ಣ, ಕಡ್ಡಿ ತೆಗೆದ ದಿನ ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಕಡ್ಡಿಗೆ ಕಟ್ಟಬೇಕು. ಶಾಯಿಯ ಬರಹ ಒಂದು ಮಳೆಗಾಲವನ್ನೂ ದಾಟುವುದಿಲ್ಲ.